ಡ್ರೈವರ್ ಮುಂದೇನು ಮಾಡುತ್ತಾರೆ? ಕಾರಿಗೆ ಊಹಿಸಲು ಕಲಿಸುವ ಬಗೆ

ಬೇರೆಯವರು ಕಾರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತು ಒಮ್ಮೆ ಗಮನಿಸಿ. ಅವರು ಲೇನ್ ಬದಲಿಸುತ್ತಾರೆ ಅನ್ನೋದು ನಿಮಗೆ ಮೊದಲೇ ಗೊತ್ತಾಗುತ್ತದೆ. ಇಂಡಿಕೇಟರ್ ಇನ್ನೂ ಹಾಕಿಲ್ಲ, ಸ್ಟೀರಿಂಗ್ ಕೂಡ ತಿರುಗಿಲ್ಲ. ಆದರೂ ಗೊತ್ತಾಗುತ್ತದೆ. ಮುಂದೆ ಲಾರಿಯೊಂದು ನಿಧಾನಕ್ಕೆ ಹೋಗುತ್ತಿದೆ. ಓಡಿಸುವವರು ಪಕ್ಕದ ಕನ್ನಡಿ ನೋಡಿದರು, ಎರಡು ಸೆಕೆಂಡು ಬಿಟ್ಟು ಮತ್ತೆ ಅದೇ ಕನ್ನಡಿ ನೋಡಿದರು, ಬೆನ್ನು ಸ್ವಲ್ಪ ನೆಟ್ಟಗಾಯಿತು. ಅಷ್ಟು ಸಾಕು.

ಈ ಊಹೆಯನ್ನೇ ಕಾರಿಗೆ ಕಲಿಸುವುದು ಹೇಗೆ ಅಂತ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಸ್ವಲ್ಪ ಪೈಥಾನ್ ಬರುತ್ತದೆ, ಒಂದೆರಡು ಮಾಡೆಲ್ ಟ್ರೇನ್ ಮಾಡಿ ನೋಡಿದ್ದೇನೆ ಅನ್ನುವವರಿಗೆ ಇದು ಸುಲಭವಾಗಿ ದಕ್ಕುತ್ತದೆ.

ಕಾರು ಇದನ್ನೆಲ್ಲ ಯಾಕೆ ಊಹಿಸಬೇಕು? ಲೇನ್ ಗೆರೆ ದಾಟಿದರೆ ಕೂಗುವ ಕಾರು ಓಡಿಸಿದವರಿಗೆ ಉತ್ತರ ಗೊತ್ತು. ಇಂಡಿಕೇಟರ್ ಹಾಕದೆ, ಆದರೆ ಬೇಕಂತಲೇ ಗೆರೆ ದಾಟುತ್ತೀರಿ. ಕಾರು ಕೂಗುತ್ತದೆ. ರಸ್ತೆಯಲ್ಲಿನ ಗುಂಡಿ ತಪ್ಪಿಸುತ್ತೀರಿ, ಮತ್ತೆ ಕೂಗುತ್ತದೆ. ಹತ್ತು ಸಲ ಹೀಗಾದರೆ ಹನ್ನೊಂದನೇ ಸಲಕ್ಕೆ ನೀವು ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡುತ್ತೀರಿ. ನಿದ್ದೆ ಬಂದು ನಿಜವಾಗಿ ಗೆರೆ ದಾಟುವ ದಿನ ಅದು ಆಫ್ ಆಗಿಯೇ ಇರುತ್ತದೆ. ಹಾಗಾಗಿ ಈ ಊಹೆಯ ಮುಖ್ಯ ಉಪಯೋಗ, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಅಂತ ಕಾರಿಗೆ ಗೊತ್ತಾಗುವುದು. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಇದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 1: ಒಂದೇ ಒಂದು ಪ್ರಶ್ನೆ ಆರಿಸಿಕೊಳ್ಳಿ

"ಡ್ರೈವರ್ ನಡವಳಿಕೆಯನ್ನು ಊಹಿಸುತ್ತೇನೆ" ಅಂತ ಹೊರಟರೆ ಎಲ್ಲೂ ತಲುಪುವುದಿಲ್ಲ. ಪ್ರಶ್ನೆ ಹೀಗಿರಲಿ: "ಮುಂದಿನ 3 ಸೆಕೆಂಡಿನಲ್ಲಿ ಈ ಕಾರು ಎಡಗಡೆಯ ಗೆರೆ ದಾಟುತ್ತದಾ?" ಏನಾಗುತ್ತದೆ, ಎಷ್ಟು ಹೊತ್ತಿನೊಳಗೆ ಆಗುತ್ತದೆ ಎರಡೂ ಅದರಲ್ಲೇ ಇವೆ. ಉತ್ತರ ಸಿಕ್ಕ ಮೇಲೆ ಕಾರು ಏನು ಮಾಡಬೇಕು ಅನ್ನೋದನ್ನೂ ಈಗಲೇ ಒಂದು ಸಾಲು ಬರೆದಿಡಿ.

3 ಸೆಕೆಂಡೇ ಯಾಕೆ? ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ, 3 ಸೆಕೆಂಡಿಗೆ 66 ಮೀಟರ್. ಒಂದೇ ಸೆಕೆಂಡು ಮುಂಚೆ ಹೇಳಿದರೆ ಸದ್ದು ಕೇಳಿ, ಅರ್ಥವಾಗಿ, ಕೈಕಾಲು ಆಡುವಷ್ಟರಲ್ಲಿ ಆ ಸೆಕೆಂಡು ಮುಗಿದಿರುತ್ತದೆ. 8 ಸೆಕೆಂಡು ಮುಂಚೆ ಹೇಳಲು ಹೋದರೆ ಓಡಿಸುವವರೇ ಇನ್ನೂ ನಿರ್ಧಾರ ಮಾಡಿರುವುದಿಲ್ಲ, ನೀವೇನು ಊಹಿಸುತ್ತೀರಿ? 2ರಿಂದ 4 ಸೆಕೆಂಡು ಒಳ್ಳೆಯ ಜಾಗ.

ಪ್ರಶ್ನೆ ಚಿಕ್ಕದಾಯಿತು ಅಂತ ಸಂಕೋಚ ಬೇಡ. ಮರ್ಸಿಡಿಸ್-ಬೆಂಜ್ 1996ರಲ್ಲಿ ತಂದ ಬ್ರೇಕ್ ಅಸಿಸ್ಟ್ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಇದು ಅಪಾಯದ ಬ್ರೇಕಾ, ಮಾಮೂಲಿ ಬ್ರೇಕಾ? ಗಾಬರಿಯಲ್ಲಿ ಜನ ಪೆಡಲನ್ನು ಬೇಗ ಒತ್ತುತ್ತಾರೆ, ಆದರೆ ಸಾಕಷ್ಟು ಜೋರಾಗಿ ಒತ್ತುವುದಿಲ್ಲ. ಅದಕ್ಕೆ ಕಾರು ಪೆಡಲ್ ಎಷ್ಟು ವೇಗವಾಗಿ ಕೆಳಗೆ ಹೋಯಿತು ಅಂತ ನೋಡಿ, ಮಿಕ್ಕ ಬಲವನ್ನು ತಾನೇ ಹಾಕುತ್ತದೆ. ಕ್ಯಾಮೆರಾ ಇಲ್ಲ, ನ್ಯೂರಲ್ ನೆಟ್‌ವರ್ಕ್ ಇಲ್ಲ. ಆದರೂ ಅದು ಡ್ರೈವರ್ ಮನಸ್ಸನ್ನು ಓದುವ ಕೆಲಸವೇ ಅಲ್ವಾ?

ಹೆಜ್ಜೆ 2: ಡೇಟಾ ಹೊಂದಿಸಿ

ಕಲಿಯಲು ಸಿದ್ಧ ಡೇಟಾಸೆಟ್‌ಗಳಿವೆ. ಎನ್‌ಜಿಸಿಮ್ ಹಳೆಯದು. ಅಮೆರಿಕದ ಯುಎಸ್-101 ಮತ್ತು ಐ-80 ಹೆದ್ದಾರಿಗಳಲ್ಲಿ 2005ರಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು, ಸೆಕೆಂಡಿಗೆ 10 ಸಲ ಪ್ರತಿ ವಾಹನದ ಜಾಗ ಇದೆ. 2018ರಲ್ಲಿ ಬಂದ ಹೈಡಿ ಇದಕ್ಕಿಂತ ಚೊಕ್ಕ. ಜರ್ಮನಿಯ ಹೆದ್ದಾರಿಗಳ ಮೇಲೆ ಡ್ರೋನ್ ಹಾರಿಸಿ, ಸೆಕೆಂಡಿಗೆ 25 ಫ್ರೇಮ್‌ನಂತೆ, 1,10,000ಕ್ಕೂ ಹೆಚ್ಚು ವಾಹನಗಳನ್ನು ಅದರಲ್ಲಿ ಹಿಡಿದಿದ್ದಾರೆ. ಈ ಎರಡರಲ್ಲೂ ಒಂದು ಕೊರತೆ: ಮೇಲಿಂದ ನೋಡಿದ್ದು, ಒಳಗೆ ಕೂತವರ ಕಣ್ಣು ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಕಾರಿನೊಳಗಿನ ಸಿಗ್ನಲ್ ಬೇಕಿದ್ದರೆ ಕಾಮಾ2ಕೆ19 ನೋಡಿ. ಒಂದೊಂದು ನಿಮಿಷದ 2,019 ತುಣುಕುಗಳು, ಒಟ್ಟು 33 ಗಂಟೆಗೂ ಹೆಚ್ಚು. ಮುಂದಿನ ಕ್ಯಾಮೆರಾ, ಜಿಪಿಎಸ್, ಕ್ಯಾನ್ ಬಸ್ (ಕಾರಿನೊಳಗಿನ ಕಂಪ್ಯೂಟರ್‌ಗಳು ಪರಸ್ಪರ ಸಂದೇಶ ಕಳಿಸುವ ಜಾಲ) ಎಲ್ಲ ಇವೆ. ಎಡಬದಿಯಲ್ಲಿ ಓಡಿಸುವ ದೇಶಕ್ಕೆ ಮಾಡೆಲ್ ಮಾಡುತ್ತಿದ್ದರೆ ಇವುಗಳ ಎಡ-ಬಲವನ್ನು ತಿರುಗಿಸಿಕೊಳ್ಳಲು ಮರೆಯಬೇಡಿ, ಮೂರೂ ಬಲಬದಿಯ ಸಂಚಾರದವು.

ಸ್ವಂತ ಡೇಟಾ ಬೇಕಾದರೆ ಸ್ಟೀರಿಂಗ್ ಕೆಳಗಿರುವ, ಮೆಕ್ಯಾನಿಕ್‌ಗಳು ಕಾರಿನ ದೋಷ ನೋಡಲು ಬಳಸುವ ಒಬಿಡಿ ಪೋರ್ಟ್‌ನಿಂದ ಶುರುಮಾಡಿ. ವೇಗ, ಇಂಜಿನ್ ಆರ್‌ಪಿಎಂ, ಥ್ರಾಟಲ್ ಸಾಮಾನ್ಯವಾಗಿ ಎಲ್ಲ ಕಾರಿನಲ್ಲೂ ಒಂದೇ ರೀತಿ ಸಿಗುತ್ತವೆ. ನಮಗೆ ತುಂಬ ಬೇಕಾದ ಸ್ಟೀರಿಂಗ್ ಕೋನ, ಇಂಡಿಕೇಟರ್ ಮಾತ್ರ ಆ ಸಾಮಾನ್ಯ ಪಟ್ಟಿಯಲ್ಲಿ ಇಲ್ಲ. ಅವು ಕ್ಯಾನ್ ಬಸ್‌ನಲ್ಲಿ ಓಡಾಡುತ್ತಿರುತ್ತವೆ, ಆದರೆ ಯಾವ ಸಂದೇಶದ ಯಾವ ಬಿಟ್‌ನಲ್ಲಿ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ಬಿಡಿಸಿ ಹೇಳುವ ಡಿಬಿಸಿ ಫೈಲ್ ಬೇಕು. ಓಪನ್‌ಡಿಬಿಸಿ ಅನ್ನುವ ಮುಕ್ತ ಸಂಗ್ರಹದಲ್ಲಿ ಹಲವು ಕಾರುಗಳದ್ದು ಸಿಗುತ್ತದೆ. ಓದಲು ಪೈಥಾನ್‌ನ ಕ್ಯಾನ್‌ಟೂಲ್ಸ್ ಸಾಕು. ಒಂದೇ ಎಚ್ಚರಿಕೆ: ನಿಮ್ಮ ಸಾಧನವನ್ನು ಕೇಳಿಸಿಕೊಳ್ಳುವ ಮೋಡ್‌ನಲ್ಲೇ ಇಡಿ. ಓಡುತ್ತಿರುವ ಕಾರಿನ ಕ್ಯಾನ್ ಬಸ್‌ಗೆ ಏನನ್ನೂ ಬರೆಯಬೇಡಿ. "ಸುಮ್ನೆ ನೋಡೋಣ" ಅಂತ ಕೂಡ ಬೇಡ.

ಮುಖದ ಕಡೆಗೆ ಕ್ಯಾಮೆರಾ ಇಡುವುದಾದರೆ ಸಾಧಾರಣ ಕ್ಯಾಮೆರಾ ರಾತ್ರಿ ಕೆಲಸಕ್ಕೆ ಬಾರದು. ಇನ್‌ಫ್ರಾರೆಡ್ ದೀಪ ಇರುವುದನ್ನು ತೆಗೆದುಕೊಳ್ಳಿ. 940 ನ್ಯಾನೋಮೀಟರ್‌ನದ್ದು ಒಳ್ಳೆಯದು, 850ರ ದೀಪ ಕತ್ತಲಲ್ಲಿ ಸಣ್ಣಗೆ ಕೆಂಪಗೆ ಕಂಡು ಕಣ್ಣಿಗೆ ಕಿರಿಕಿರಿ ಮಾಡುತ್ತದೆ. ಎಷ್ಟೋ ಕೂಲಿಂಗ್ ಗ್ಲಾಸ್‌ಗಳ ಒಳಗಿನ ಕಣ್ಣೂ ಇನ್‌ಫ್ರಾರೆಡ್‌ನಲ್ಲಿ ಕಾಣುತ್ತದೆ. ಕಾರಿನಲ್ಲಿ ಕೂರುವ ಪ್ರತಿಯೊಬ್ಬರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ, ಹಿಂದಿನ ಸೀಟಿನವರದ್ದೂ ಸೇರಿಸಿ.

ಈಗ ಈ ಹೆಜ್ಜೆಯಲ್ಲಿ ಎಲ್ಲರೂ ಎಡವುವ ಕಲ್ಲು: ಸಮಯ. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ ಕೊಡುತ್ತದೆ, ಸ್ಟೀರಿಂಗ್ ಕೋನ ಸೆಕೆಂಡಿಗೆ 100 ಸಲ ಬರಬಹುದು, ಜಿಪಿಎಸ್ ಒಂದೇ ಸಲ. ಒಂದೊಂದರ ಗಡಿಯಾರವೂ ಬೇರೆ. ಒಮ್ಮೆ ನನ್ನ ಮಾಡೆಲ್‌ನಲ್ಲಿ ವಿಚಿತ್ರ ನಡೆಯಿತು. ಜನ ಮೊದಲು ಸ್ಟೀರಿಂಗ್ ತಿರುಗಿಸಿ, ಆಮೇಲೆ ಕನ್ನಡಿ ನೋಡುತ್ತಿದ್ದಾರೆ ಅಂತ ಅದು ಕಲಿತಿತ್ತು. ಇಷ್ಟೊಂದು ಜನ ಇಷ್ಟು ಕೆಟ್ಟದಾಗಿ ಓಡಿಸುತ್ತಾರಾ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ವಿಡಿಯೊ ಫೈಲಿಗೆ ಬೀಳುತ್ತಿದ್ದ ಸಮಯವೇ ಅರ್ಧ ಸೆಕೆಂಡಿನಷ್ಟು ತಡ. ಫ್ರೇಮ್ ಹಿಡಿದ ಹೊತ್ತನ್ನು ಬಿಟ್ಟು, ಡಿಸ್ಕ್‌ಗೆ ಬರೆದ ಹೊತ್ತನ್ನು ದಾಖಲಿಸುತ್ತಿದ್ದೆ.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಪ್ರತಿ ಓಟದ ಮೊದಲು, ಕಾರು ನಿಂತಿರುವಾಗಲೇ, ಡ್ಯಾಶ್‌ಬೋರ್ಡ್ ಕ್ಯಾಮೆರಾದಲ್ಲಿ ಕಾಣುವಂತೆ ಇಟ್ಟು ಇಂಡಿಕೇಟರನ್ನು ಮೂರು ಸಲ ಹಾಕಿ ತೆಗೆಯುತ್ತೇನೆ. ವಿಡಿಯೊದಲ್ಲಿ ದೀಪ ಹೊತ್ತಿದ ಫ್ರೇಮ್, ಕ್ಯಾನ್‌ನಲ್ಲಿ ಸಿಗ್ನಲ್ ಬಂದ ಕ್ಷಣ ಎರಡನ್ನೂ ಹೋಲಿಸಿದರೆ ವ್ಯತ್ಯಾಸ ಸಿಗುತ್ತದೆ. ಓಟದ ಕೊನೆಗೆ ಇನ್ನೊಮ್ಮೆ ಮಾಡಿ. ಎರಡು ಸಲದ ವ್ಯತ್ಯಾಸ ಬೇರೆ ಬೇರೆ ಬಂದರೆ ಗಡಿಯಾರ ದಾರಿಯುದ್ದಕ್ಕೂ ಜಾರುತ್ತಿದೆ ಅಂತ ಅರ್ಥ.

ಹೆಜ್ಜೆ 3: ಲೇಬಲ್ ಹಾಕಿ

ಕಾರಿನ ಮಧ್ಯಭಾಗ ಗೆರೆ ದಾಟಿದ ಕ್ಷಣವನ್ನು ಸೊನ್ನೆ ಅಂದುಕೊಳ್ಳಿ. ಅಲ್ಲಿಂದ ಹಿಂದಕ್ಕೆ 3 ಸೆಕೆಂಡಿನೊಳಗೆ ಬರುವ ಎಲ್ಲ ಸ್ಯಾಂಪಲ್‌ಗಳೂ "ಹೌದು". 4 ಸೆಕೆಂಡಿಗಿಂತ ಹಿಂದಿನವು "ಇಲ್ಲ". ನಡುವಿನ ಒಂದು ಸೆಕೆಂಡನ್ನು ಟ್ರೇನಿಂಗ್‌ನಿಂದ ಬಿಟ್ಟುಬಿಡಿ, ಅದು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಗೆರೆ ದಾಟಿ ಹೊಸ ಲೇನ್‌ನಲ್ಲಿ ನೆಟ್ಟಗಾಗುವವರೆಗಿನ ಹೊತ್ತನ್ನೂ ಬಿಡಿ. ಟೆಸ್ಟ್ ಮಾಡುವಾಗ ಮಾತ್ರ ಯಾವುದನ್ನೂ ಬಿಡಬೇಡಿ, ರಸ್ತೆಯಲ್ಲಿ ಕಾರು ಆ ಸೆಕೆಂಡುಗಳನ್ನು ಹಾರಿಸಿಕೊಂಡು ಹೋಗುವುದಿಲ್ಲ.

ಕೈಬಿಟ್ಟ ಪ್ರಯತ್ನಗಳನ್ನು ಬೇರೆ ಗುರುತು ಹಾಕಿ ಜೋಪಾನ ಮಾಡಿ. ಅಂದರೆ ಕನ್ನಡಿ ನೋಡಿದರು, ಗೆರೆಯ ಹತ್ತಿರ ಬಂದರು, ಹಿಂದಿನಿಂದ ಯಾವುದೋ ಕಾರು ರಭಸದಿಂದ ಬಂತು, ವಾಪಸ್ ಆದರು. ಗೆರೆ ದಾಟಿಲ್ಲ, ಆದ್ದರಿಂದ ನಮ್ಮ ಲೆಕ್ಕದಲ್ಲಿ "ಇಲ್ಲ". ಆದರೆ ಮನಸ್ಸು ಇತ್ತು. ಸಂಖ್ಯೆಯಲ್ಲಿ ಇವು ಕಮ್ಮಿ, ಕಲಿಸುವುದರಲ್ಲಿ ಜಾಸ್ತಿ.

ಲೇಬಲ್ ಪೂರ್ತಿ ಮಾಡುವ ಮೊದಲು 50 ತುಣುಕುಗಳನ್ನು ಇಬ್ಬರು ಬೇರೆ ಬೇರೆ ಕೂತು ಗುರುತಿಸಲಿ. ಇಬ್ಬರ ಉತ್ತರ ತುಂಬ ಕಡೆ ತಾಳೆಯಾಗದಿದ್ದರೆ ಅವರ ಮೇಲೆ ರೇಗಬೇಡಿ. ನೀವು ಬರೆದುಕೊಟ್ಟ ವ್ಯಾಖ್ಯೆಯೇ ಸಡಿಲವಾಗಿದೆ.

ಹೆಜ್ಜೆ 4: ಏನನ್ನು ನೋಡಬೇಕು

ಮೂರು ಕಡೆಯಿಂದ ಸುಳಿವು ಬರುತ್ತದೆ: ರಸ್ತೆ, ಕಾರು, ಓಡಿಸುವವರ ಮೈ.

ರಸ್ತೆ ಹೇಳುವುದು ಕಾರಣವನ್ನು. ನೀವು 80ರಲ್ಲಿದ್ದೀರಿ, 40 ಮೀಟರ್ ಮುಂದೆ ಲಾರಿ 60ರಲ್ಲಿದೆ. ವ್ಯತ್ಯಾಸ ಗಂಟೆಗೆ 20 ಕಿ.ಮೀ., ಅಂದರೆ ಸೆಕೆಂಡಿಗೆ 5.6 ಮೀಟರ್. ಹೀಗೇ ಹೋದರೆ ಸುಮಾರು 7 ಸೆಕೆಂಡಿಗೆ ಲಾರಿಗೆ ತಾಗುತ್ತೀರಿ. ಒಂದೋ ನಿಧಾನ ಮಾಡಬೇಕು, ಇಲ್ಲವೇ ಪಕ್ಕದ ಲೇನ್‌ಗೆ ಹೋಗಬೇಕು. ಪಕ್ಕದ ಲೇನ್ ಖಾಲಿ ಇದೆ. ಇಷ್ಟರಲ್ಲೇ ಅರ್ಧ ಊಹೆ ಆಗಿಹೋಯಿತು. ಇದನ್ನು ಲೆಕ್ಕಕ್ಕೆ ಇಳಿಸಲು ಹಳೆಯ ಎರಡು ಸೂತ್ರಗಳಿವೆ. ಮುಂದಿನ ವಾಹನದ ಹಿಂದೆ ಜನ ಹೇಗೆ ವೇಗ ಹೊಂದಿಸಿಕೊಳ್ಳುತ್ತಾರೆ ಅಂತ ಹೇಳುವ ಐಡಿಎಂ 2000ದಲ್ಲಿ ಬಂತು. ಅದೇ ಬಳಗದಿಂದ 2007ರಲ್ಲಿ ಮೊಬಿಲ್ ಬಂತು. ಲೇನ್ ಬದಲಿಸಿದರೆ ನನಗೆಷ್ಟು ಲಾಭ, ಹಿಂದೆ ಬರುವವರು ಎಷ್ಟು ಬ್ರೇಕ್ ಹಾಕಬೇಕಾಗುತ್ತದೆ ಅನ್ನೋದನ್ನು ಅದು ತೂಗಿ ನೋಡುತ್ತದೆ. ನೀವು ಎಂಥ ಮಾಡೆಲ್ ಬಳಸಿದರೂ ಮೊಬಿಲ್ ಕೊಡುವ ಆ ಲಾಭದ ಅಂಕಿಯನ್ನು ಒಂದು ಇನ್‌ಪುಟ್ ಆಗಿ ಕೊಡಿ. ಗೊತ್ತಿರುವ ವಿಷಯವನ್ನು ಮಾಡೆಲ್ ಮತ್ತೆ ಮೊದಲಿಂದ ಕಲಿಯಲಿ ಅಂತ ಹಟ ಯಾಕೆ?

ಕಾರು ಹೇಳುವುದು: ವೇಗ, ಆಕ್ಸಿಲರೇಟರ್, ಬ್ರೇಕ್, ಸ್ಟೀರಿಂಗ್ ಕೋನ, ಗೆರೆಯಿಂದ ಎಷ್ಟು ದೂರ, ಆ ದೂರ ಎಷ್ಟು ಬೇಗ ಕಮ್ಮಿಯಾಗುತ್ತಿದೆ. ಇಲ್ಲಿ ಇಂಡಿಕೇಟರ್ ಒಂದು ಬಲೆ. ಅದನ್ನು ಕೊಟ್ಟ ತಕ್ಷಣ ಮಾಡೆಲ್ ಪೂರ್ತಿ ಅದರ ಮೇಲೆಯೇ ಒರಗಿಕೊಳ್ಳುತ್ತದೆ. ಅಂಕ ಏರುತ್ತದೆ, ನೀವು ಖುಷಿಯಾಗುತ್ತೀರಿ. ಆದರೆ ಇಂಡಿಕೇಟರ್ ಹಾಕಿದ ಮೇಲೆ ಊಹಿಸಲು ಏನು ಉಳಿಯಿತು? ಇಂಡಿಕೇಟರ್ ಇಲ್ಲದ ಲೇನ್ ಬದಲಾವಣೆಗಳ ಫಲಿತಾಂಶವನ್ನು ಯಾವಾಗಲೂ ಬೇರೆಯಾಗಿ ಬರೆಯಿರಿ.

ಮೈ ಹೇಳುವುದು ಸೂಕ್ಷ್ಮ. ಪಕ್ಕದ ಕನ್ನಡಿಯನ್ನು ಒಮ್ಮೆ ನೋಡುವುದು ಅಭ್ಯಾಸ, ಅದಕ್ಕೆ ಜಾಸ್ತಿ ಅರ್ಥ ಕಟ್ಟಬೇಡಿ. ಕೆಲವೇ ಸೆಕೆಂಡಿನಲ್ಲಿ ಎರಡನೇ ಸಲ ಅದೇ ಕನ್ನಡಿಗೆ ಕಣ್ಣು ಹೋದರೆ ಆಗ ಎಚ್ಚರಗೊಳ್ಳಬೇಕು. ಹಾಗಾಗಿ "ಈಗ ತಲೆ ಎಷ್ಟು ಡಿಗ್ರಿ ತಿರುಗಿದೆ" ಅನ್ನೋದಕ್ಕಿಂತ "ಕಳೆದ 6 ಸೆಕೆಂಡಿನಲ್ಲಿ ಈ ಕನ್ನಡಿಯನ್ನು ಎಷ್ಟು ಸಲ ನೋಡಿದರು, ಕೊನೆಯ ಸಲ ನೋಡಿ ಎಷ್ಟು ಹೊತ್ತಾಯಿತು" ಅನ್ನುವ ಎರಡು ಅಂಕಿಗಳು ಹೆಚ್ಚು ಕೆಲಸ ಮಾಡುತ್ತವೆ. ತಲೆಯ ದಿಕ್ಕು ತಿಳಿಯಲು ಗೂಗಲ್‌ನ ಲೈಬ್ರರಿಯಾದ ಮೀಡಿಯಾಪೈಪ್‌ನ ಮುಖ ಗುರುತಿಸುವ ಮಾಡೆಲ್ ಸಾಕು, ಮುಖದ ಮೇಲೆ 468 ಬಿಂದುಗಳನ್ನು ಕೊಡುತ್ತದೆ.

ಒಬ್ಬರಿಗೆ ನೇರ ನೋಟ ಅಂದರೆ ಇನ್ನೊಬ್ಬರಿಗೆ ಸ್ವಲ್ಪ ಓರೆ. ಸೀಟಿನ ಎತ್ತರ, ಕೂರುವ ರೀತಿ, ಎಲ್ಲ ಬೇರೆ. ಆದ್ದರಿಂದ ಪ್ರತಿಯೊಬ್ಬರನ್ನೂ ಅವರದೇ ಮೊದಲ ಕೆಲವು ನಿಮಿಷಗಳ ಜೊತೆ ಹೋಲಿಸಿ. ಮರ್ಸಿಡಿಸ್ 2009ರಲ್ಲಿ ತಂದ ಅಟೆನ್ಷನ್ ಅಸಿಸ್ಟ್ ಮಾಡುವುದೂ ಇದನ್ನೇ. ಪ್ರಯಾಣದ ಆರಂಭದಲ್ಲಿ ನಿಮ್ಮ ಸ್ಟೀರಿಂಗ್ ಶೈಲಿಯನ್ನು ಕಲಿತುಕೊಂಡು, ಆಮೇಲೆ ಅದು ಕೆಡುತ್ತಿದೆಯಾ ಅಂತ ನೋಡುತ್ತದೆ. ತೂಕಡಿಸುವವರು ಸಣ್ಣಪುಟ್ಟ ತಿದ್ದುಪಡಿ ಮಾಡುವುದನ್ನು ಕ್ಷಣಕಾಲ ನಿಲ್ಲಿಸಿ, ಆಮೇಲೆ ಒಮ್ಮೆಲೇ ಜಗ್ಗಿ ಸರಿಮಾಡುತ್ತಾರೆ. ಸುಮ್ಮನಿದ್ದ ಸ್ಟೀರಿಂಗ್, ಮತ್ತೆ ಒಂದು ಜಗ್ಗು: ಇದೊಂದು ಜೋಡಿಯನ್ನು ಹಿಡಿದರೆ ಮುಖದ ಕ್ಯಾಮೆರಾ ಇಲ್ಲದೆಯೂ ಬಹಳಷ್ಟು ಗೊತ್ತಾಗುತ್ತದೆ.

ಇನ್ನೊಂದು ಮಾತು. ಸಿಗ್ನಲ್ ನುಣುಪು ಮಾಡುವಾಗ ಹಿಂದೆ ಮುಂದೆ ಎರಡೂ ಕಡೆಯ ಸ್ಯಾಂಪಲ್ ಬಳಸುವ ಫಿಲ್ಟರ್ ಹಾಕಬೇಡಿ. ಅದು ಭವಿಷ್ಯವನ್ನು ಕದ್ದು ತಂದು ಈಗಿನ ಸ್ಯಾಂಪಲ್‌ಗೆ ಬೆರೆಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದ್ಭುತ ಫಲಿತಾಂಶ, ಕಾರಿಗೆ ಹಾಕಿದ ದಿನ ನೆಲಕಚ್ಚುತ್ತದೆ. ಹಿಂದಿನ ಸ್ಯಾಂಪಲ್‌ಗಳನ್ನು ಮಾತ್ರ ಮುಟ್ಟುವ ಫಿಲ್ಟರ್ ಸಾಕು.

ಹೆಜ್ಜೆ 5: ಮಾಡೆಲ್

ಇದರ ಬಗ್ಗೆ ಜನ ಜಾಸ್ತಿ ಮಾತಾಡುತ್ತಾರೆ, ನಾನು ಕಮ್ಮಿ ಹೇಳುತ್ತೇನೆ. ಕಳೆದ 3 ಸೆಕೆಂಡಿನ ಸರಾಸರಿ, ಗರಿಷ್ಠ, ಬದಲಾವಣೆಯ ದರ ಇಷ್ಟನ್ನು ತೆಗೆದು, ಸಣ್ಣ ಸಣ್ಣ ಡಿಸಿಷನ್ ಟ್ರೀಗಳನ್ನು ಒಂದೊಂದಾಗಿ ಸೇರಿಸಿ ಕಲಿಯುವ ಗ್ರೇಡಿಯಂಟ್ ಬೂಸ್ಟಿಂಗ್‌ಗೆ ಕೊಡಿ. ಅದು ನಿಮ್ಮ ಅಳತೆಗೋಲು. ಆಮೇಲೆ ಬೇಕಿದ್ದರೆ ಎಲ್‌ಎಸ್‌ಟಿಎಂ (ಒಂದರ ಹಿಂದೊಂದು ಬರುವ ಡೇಟಾವನ್ನು ನೆನಪಿಟ್ಟು ಕಲಿಯುವ ನ್ಯೂರಲ್ ನೆಟ್‌ವರ್ಕ್) ಹಾಕಿ. ಪೆಂಟ್‌ಲ್ಯಾಂಡ್ ಮತ್ತು ಲಿಯು ಅನ್ನುವ ಸಂಶೋಧಕರು 1999ರಲ್ಲಿ, ಒಂದು ಸ್ಥಿತಿಯಿಂದ ಮುಂದಿನದಕ್ಕೆ ಹೋಗುವ ಸಾಧ್ಯತೆಯನ್ನು ಲೆಕ್ಕ ಹಾಕುವ ಮಾರ್ಕೊವ್ ಮಾಡೆಲ್‌ಗಳಿಂದಲೇ ಡ್ರೈವರ್‌ಗಳ ಮುಂದಿನ ಕೆಲಸವನ್ನು ಊಹಿಸಿ ತೋರಿಸಿದ್ದರು. 2015ರ ಬ್ರೇನ್4ಕಾರ್ಸ್ ತಂಡ 10 ಜನರ 1,180 ಮೈಲಿ ಓಟದ ಡೇಟಾ ಇಟ್ಟುಕೊಂಡು, ಒಳಗಿನ ಹೊರಗಿನ ಎರಡೂ ಕ್ಯಾಮೆರಾ ಸೇರಿಸಿ, ಸರಾಸರಿ 3.5 ಸೆಕೆಂಡು ಮುಂಚೆ ಹೇಳುವಷ್ಟು ಮುಂದುವರಿಯಿತು. ನನ್ನ ಅನುಭವದಲ್ಲಿ ಮಾಡೆಲ್ ಬದಲಿಸಿ ಸಿಗುವ ಲಾಭಕ್ಕಿಂತ ಲೇಬಲ್ ಸರಿಮಾಡಿ ಸಿಗುವ ಲಾಭ ದೊಡ್ಡದು.

ಹೆಜ್ಜೆ 6: ಟೆಸ್ಟ್ ಮಾಡುವಾಗ ಜನರನ್ನು ಬೇರ್ಪಡಿಸಿ

ಸ್ಯಾಂಪಲ್‌ಗಳನ್ನು ಕಲಸಿ 80-20 ಅಂತ ಭಾಗ ಮಾಡಿದರೆ ಒಬ್ಬರೇ ವ್ಯಕ್ತಿ ಎರಡೂ ಕಡೆ ಇರುತ್ತಾರೆ. ಮಾಡೆಲ್ ಸ್ಪರ್ಧೆಗಳ ತಾಣವಾದ ಕ್ಯಾಗಲ್‌ನಲ್ಲಿ 2016ರಲ್ಲಿ ನಡೆದ ಸ್ಟೇಟ್ ಫಾರ್ಮ್ ಸ್ಪರ್ಧೆ ಇದಕ್ಕೆ ಒಳ್ಳೆಯ ಪಾಠ. ಡ್ರೈವರ್ ಫೋನ್ ನೋಡುತ್ತಿದ್ದಾರಾ, ಹಿಂದೆ ತಿರುಗಿದ್ದಾರಾ ಅಂತ 10 ಗುಂಪಾಗಿ ಚಿತ್ರಗಳನ್ನು ವಿಂಗಡಿಸಬೇಕಿತ್ತು. ಚಿತ್ರಗಳು ವಿಡಿಯೊದಿಂದ ತೆಗೆದವು, ಅಕ್ಕಪಕ್ಕದವು ಹೆಚ್ಚುಕಮ್ಮಿ ಒಂದೇ. ಕಲಸಿ ಭಾಗ ಮಾಡಿದರೆ ಮಾಡೆಲ್‌ಗೆ ಫೋನ್ ಗುರುತಿಸುವ ಕಷ್ಟವೇ ಬೇಡ, ಶರ್ಟ್ ಮತ್ತು ಸೀಟು ನೆನಪಿದ್ದರೆ ಸಾಕು. ಸೈಕಿಟ್-ಲರ್ನ್‌ನ ಗ್ರೂಪ್‌ಕೆಫೋಲ್ಡ್‌ಗೆ ಡ್ರೈವರ್ ಸಂಖ್ಯೆಯನ್ನು ಕೊಟ್ಟರೆ ಒಬ್ಬರ ಸ್ಯಾಂಪಲ್‌ಗಳೆಲ್ಲ ಒಂದೇ ಕಡೆ ಉಳಿಯುತ್ತವೆ, ಈ ತಲೆನೋವು ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಹೆಜ್ಜೆ 7: ಗಂಟೆಗೆ ಎಷ್ಟು ಸಲ ಸುಮ್ಮಸುಮ್ಮನೆ ಕೂಗುತ್ತದೆ?

ಗಂಟೆಗೆ 20 ಸಲ ಲೇನ್ ಬದಲಿಸುತ್ತೀರಿ ಅಂದುಕೊಳ್ಳಿ. ಒಂದೊಂದಕ್ಕೆ 3 ಸೆಕೆಂಡಿನ "ಹೌದು". ಒಟ್ಟು 60 ಸೆಕೆಂಡು, 3,600ರಲ್ಲಿ. ಯಾವಾಗಲೂ "ಇಲ್ಲ" ಅನ್ನುವ ಮೊದ್ದು ಮಾಡೆಲ್‌ಗೂ 98 ಶೇಕಡಾ ನಿಖರತೆ ಬರುತ್ತದೆ! ಇನ್ನೊಂದು ಕಡೆಯಿಂದ ನೋಡಿ. ಸೆಕೆಂಡಿಗೆ 10 ಸಲ ಊಹಿಸುವ ಮಾಡೆಲ್ ಗಂಟೆಗೆ 36,000 ಸಲ ಉತ್ತರ ಕೊಡುತ್ತದೆ. 99 ಶೇಕಡಾ ಸರಿ ಅಂದರೂ 360 ತಪ್ಪು ಉತ್ತರ. ಒಂದು ಗಂಟೆಯಲ್ಲಿ 360 ಸಲ ಕೂಗುವ ಕಾರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅದಕ್ಕೆ ಸ್ಯಾಂಪಲ್ ಲೆಕ್ಕ ಬಿಡಿ, ಘಟನೆಯ ಲೆಕ್ಕ ಹಿಡಿಯಿರಿ. ಎಷ್ಟು ಲೇನ್ ಬದಲಾವಣೆ ಹಿಡಿಯಿತು, ಎಷ್ಟು ಸೆಕೆಂಡು ಮುಂಚೆ, ಗಂಟೆಗೆ ಎಷ್ಟು ಹುಸಿ ಎಚ್ಚರಿಕೆ. ಮೂರೇ ಅಂಕಿ ಸಾಕು. ಹುಸಿ ಎಚ್ಚರಿಕೆ ಇಳಿಸಲು ಸುಲಭದ ಉಪಾಯ: ಸಂಭವನೀಯತೆ 0.7 ದಾಟಿ ಸತತ 5 ಸ್ಯಾಂಪಲ್ ಅಲ್ಲೇ ಇದ್ದರೆ ಮಾತ್ರ "ಹೌದು" ಅನ್ನಿ, 0.4ಕ್ಕಿಂತ ಕೆಳಗೆ ಬಂದರೆ ಮಾತ್ರ "ಇಲ್ಲ"ಕ್ಕೆ ಮರಳಿ. ಇದಕ್ಕೆ ಬೆಲೆ ಅರ್ಧ ಸೆಕೆಂಡು. ನಾನಂತೂ ಆ ಅರ್ಧ ಸೆಕೆಂಡನ್ನು ಖುಷಿಯಿಂದ ಕೊಡುತ್ತೇನೆ.

ಹೆಜ್ಜೆ 8: ಊಹೆಯನ್ನು ಏನು ಮಾಡುವುದು

ಎರಡು ಉತ್ತರಗಳನ್ನು ಪಕ್ಕಪಕ್ಕ ಇಡಿ: ಹೋಗುವ ಮನಸ್ಸಿದೆಯಾ, ಗಮನ ರಸ್ತೆಯ ಮೇಲಿದೆಯಾ. ಮನಸ್ಸಿದೆ, ಗಮನವಿದೆ, ಪಕ್ಕದ ಲೇನ್ ಖಾಲಿ: ಕಾರು ಸುಮ್ಮನಿರಲಿ. ಇಂಡಿಕೇಟರ್ ಇಲ್ಲದಿದ್ದರೂ ಲೇನ್ ಎಚ್ಚರಿಕೆ ಬೇಡ. ಮನಸ್ಸಿದೆ, ಆದರೆ ಕನ್ನಡಿಗೆ ಕಾಣದ ಮೂಲೆಯಲ್ಲಿ ವಾಹನವಿದೆ: ಕನ್ನಡಿಯ ದೀಪ ಈಗಲೇ ಹೊತ್ತಲಿ, ಸ್ಟೀರಿಂಗ್ ತಿರುಗುವವರೆಗೆ ಕಾಯುವುದು ಬೇಡ. ಮನಸ್ಸಿಲ್ಲ, ಕಣ್ಣು ರಸ್ತೆಯಿಂದ 2 ಸೆಕೆಂಡಿಗಿಂತ ಜಾಸ್ತಿ ದೂರ, ಕಾರು ಗೆರೆಯ ಕಡೆ ಜಾರುತ್ತಿದೆ: ಆಗ ಜೋರಾಗಿ, ಬೇಗ ಕೂಗಬೇಕು. 2 ಸೆಕೆಂಡು ನಾನು ಹುಟ್ಟಿಸಿದ್ದಲ್ಲ. ಅಮೆರಿಕದಲ್ಲಿ 100 ಕಾರುಗಳಿಗೆ ಕ್ಯಾಮೆರಾ ಕೂರಿಸಿ ಮಾಡಿದ ಅಧ್ಯಯನದಲ್ಲಿ, ಅದಕ್ಕಿಂತ ಹೆಚ್ಚು ಹೊತ್ತು ಕಣ್ಣು ತೆಗೆದಾಗ ಅಪಘಾತ ಅಥವಾ ಕೂದಲೆಳೆಯಲ್ಲಿ ತಪ್ಪಿದ ಘಟನೆಯ ಅಪಾಯ ಸುಮಾರು ಎರಡು ಪಟ್ಟಾಗಿತ್ತು.

ಒಂದು ಗೆರೆ ಮಾತ್ರ ದಾಟಬೇಡಿ. ಲೇನ್ ಎಚ್ಚರಿಕೆಯನ್ನು ಊಹೆಯ ಮೇಲೆ ತಡೆಹಿಡಿಯಬಹುದು, ತುರ್ತು ಬ್ರೇಕನ್ನು ತಡೆಹಿಡಿಯಬಾರದು. "ಡ್ರೈವರ್‌ಗೆ ಗೊತ್ತಿರುತ್ತದೆ ಬಿಡು" ಅನ್ನುವ ಸಲಿಗೆ ಅಲ್ಲಿ ಬೇಡ. ಏನೂ ಕೆಟ್ಟಿರದೆ, ಬರೀ ಊಹೆ ತಪ್ಪಾಗಿ ಅಪಾಯವಾಗುವ ಇಂಥ ಸಂದರ್ಭಗಳಿಗೆಂದೇ ಐಎಸ್‌ಒ 21448 ಮಾನದಂಡವಿದೆ, ಉತ್ಪನ್ನ ಮಾಡುವವರು ಓದಲೇಬೇಕು. ಯುರೋಪಿಗೆ ಮಾಡುವವರು 2019/2144 ನಿಯಮವನ್ನೂ ನೋಡಿ. ಅಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಲ್ಲೂ ತೂಕಡಿಕೆಯ ಎಚ್ಚರಿಕೆ ಇರಬೇಕು. ಅದರ ಡೇಟಾವನ್ನು ಅಗತ್ಯಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಹೊರಗಿನವರಿಗೆ ಕೊಡುವಂತಿಲ್ಲ.

ಹೆಜ್ಜೆ 9: ಮೊದಲು ಬಾಯಿ ಕಟ್ಟಿ ಓಡಿಸಿ

ಮಾಡೆಲ್ ಕಾರಿನಲ್ಲಿ ಓಡಲಿ, ಆದರೆ ಸದ್ದು ಮಾಡದಿರಲಿ. "ಈಗ ಕೂಗುತ್ತಿದ್ದೆ", "ಈಗ ಸುಮ್ಮನಿರುತ್ತಿದ್ದೆ" ಅಂತ ಫೈಲಿನಲ್ಲಿ ಬರೆದುಕೊಳ್ಳುತ್ತಾ ಹೋಗಲಿ. ಒಂದೆರಡು ವಾರ ಹೀಗೆ ಬಿಡಿ. ಇದಕ್ಕೆ ಅವಸರ ಮಾಡದಿರಲು ಕಾರಣವಿದೆ. ಕಾರು ಕೂಗಲು ಶುರುಮಾಡಿದ ಮೇಲೆ ಓಡಿಸುವವರೇ ಬದಲಾಗುತ್ತಾರೆ. ಕೆಲವರು ಇಂಡಿಕೇಟರ್ ಹಾಕಲು ಕಲಿಯುತ್ತಾರೆ. ಇನ್ನು ಕೆಲವರು "ಹೇಗೂ ಕಾರು ನೋಡಿಕೊಳ್ಳುತ್ತದೆ" ಅಂತ ಕನ್ನಡಿ ನೋಡುವುದನ್ನೇ ಕಮ್ಮಿ ಮಾಡುತ್ತಾರೆ. ಆಗ ನೀವು ಹಳೆಯ ಡೇಟಾದಿಂದ ಕಲಿಸಿದ "ಎರಡು ಸಲ ಕನ್ನಡಿ" ಅನ್ನುವ ಸುಳಿವು ಮೆಲ್ಲಗೆ ಬತ್ತುತ್ತದೆ. ಮೌನವಾಗಿದ್ದಾಗಿನ ದಾಖಲೆ ನಿಮ್ಮ ಬಳಿ ಇದ್ದರೆ ಎಲ್ಲಿ ಬದಲಾಯಿತು ಅಂತ ಹೋಲಿಸಿ ಹೇಳಬಹುದು.

ಆ ಫೈಲು ತೆರೆದಾಗ ಹುಸಿ ಎಚ್ಚರಿಕೆಗಳನ್ನು ಸಂಭವನೀಯತೆಯ ಪ್ರಕಾರ ಜೋಡಿಸಿ, ಮೇಲಿನ ಇಪ್ಪತ್ತರ ವಿಡಿಯೊ ಹಾಕಿ ಕೂತು ನೋಡಿ. ಮಾಡೆಲ್ 0.95 ಅಂತ ಎದೆ ತಟ್ಟಿ ಹೇಳಿದೆ, ಆದರೆ ಕಾರು ಗೆರೆ ದಾಟಿಲ್ಲ. ನಾನು ಹಾಗೆ ನೋಡಿದಾಗಲೆಲ್ಲ ಅವುಗಳಲ್ಲಿ ಸಾಕಷ್ಟು ನಾವು ಹೆಜ್ಜೆ 3ರಲ್ಲಿ ಎತ್ತಿಟ್ಟ ಜಾತಿಯವೇ ಆಗಿದ್ದವು: ಎರಡು ಸಲ ಕನ್ನಡಿ, ಬೆನ್ನು ನೆಟ್ಟಗೆ, ಗೆರೆಯ ಕಡೆ ಒಂದಡಿ. ಆಮೇಲೆ ಕನ್ನಡಿಯಲ್ಲಿ ಏನೋ ಕಂಡು ವಾಪಸ್.